ಮೇಡನ್‌ಹೇರ್ ಫರ್ನ್ ಮನೆಯೊಳಗೆ ಉಳಿಯಬೇಕಾದರೆ

ಸೋಮವಾರಪೇಟೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಅದರ ಹಿಂದೆಯೇ ಮನೆ. ಮೆಷಿನ್ ಇಟ್ಟಿರುವ ಕೋಣೆಗೆ ಪೂರ್ವಕ್ಕೆ ಒಂದು ಕಿಟಕಿ. ಕಿಟಕಿಯಿಂದ ಎರಡು ಅಡಿ ಒಳಗೆ, ಹಳೆಯ ಸ್ಟೂಲಿನ ಮೇಲೆ ಮೇಡನ್‌ಹೇರ್ ಫರ್ನ್ ಎಂಬ ಒಂದು ಜರಿಗಿಡ ಇದೆ. ಒಂಬತ್ತು ವರ್ಷದಿಂದ ಅಲ್ಲೇ ಇದೆ. ಅಳತೆ ಕೊಡಲು ಬಂದವರು ಬ್ಲೌಸ್ ಪೀಸ್ ಕೊಡುವ ಮೊದಲು ಅದರ ಎಲೆ ಮುಟ್ಟಿ ನೋಡುತ್ತಾರೆ. "ಅಕ್ಕ, ನಮ್ಮನೇಲಿ ಮೂರು ಸಲ ತಂದ್ರೂ ಉಳೀಲಿಲ್ಲ, ನೀವು ಏನು ಹಾಕ್ತೀರಾ?" ಅಂತ ಕೇಳುತ್ತಾರೆ. ಟೇಪು ಹಿಡಿದುಕೊಂಡೇ ತುಂಡು ತುಂಡಾಗಿ ಹೇಳುತ್ತಿದ್ದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಈ ಗಿಡದ ಮಣ್ಣು ಒಂದೇ ಒಂದು ಸಲವೂ ಪೂರ್ತಿ ಒಣಗಬಾರದು. ಬೆಳಕು, ಗೊಬ್ಬರ, ಕುಂಡ ಎಲ್ಲ ಆಮೇಲಿನ ಮಾತು. ತುಳಸಿ ಬಾಡಿದ್ದರೆ ಒಂದು ಚೊಂಬು ನೀರು ಹಾಕಿ, ಸ್ವಲ್ಪ ಹೊತ್ತಿಗೆ ತಲೆ ಎತ್ತುತ್ತದೆ. ಮೇಡನ್‌ಹೇರ್ ಹಾಗಲ್ಲ. ಎಲೆ ಒಮ್ಮೆ ಗರಿಗರಿಯಾಗಿ ಸುರುಟಿಕೊಂಡರೆ ಆ ಎಲೆ ಮುಗಿಯಿತು. ಎಷ್ಟು ನೀರು ಹಾಕಿದರೂ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಅದರ ಎಲೆ ಅಷ್ಟು ತೆಳು. ನೀರು ಕೂಡಿಟ್ಟುಕೊಳ್ಳಲು ಅಲ್ಲಿ ಜಾಗವೇ ಇಲ್ಲ. ಬೇರು ಕೂಡ ಸಣ್ಣ ನಾರಿನಂತೆ, ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ. ಮೇಲ್ಮಣ್ಣು ಒಣಗಿತು ಅಂದರೆ ಬೇರಿಗೆ ಬೇರೆ ದಾರಿ ಇಲ್ಲ.

ನಿಮ್ಮ ಬಳಿ ಗಿಡ ಇದ್ದರೆ ಈಗಲೇ ಹತ್ತಿರ ಕುಳಿತು ನೋಡಿ. ಕಡ್ಡಿ ಕಪ್ಪಗೆ, ಹೊಳೆಯುತ್ತಾ, ನನ್ನ ಕಪ್ಪು ನೂಲಿಗಿಂತ ಸ್ವಲ್ಪವೇ ದಪ್ಪ ಇರುತ್ತದೆ. ಮೇಡನ್‌ಹೇರ್, ಅಂದರೆ ಹುಡುಗಿಯ ಕೂದಲು ಎಂಬ ಹೆಸರಿಗೆ ಅದು ಸರಿಯಾಗಿ ಹೊಂದುತ್ತದೆ. ತುದಿಯಲ್ಲಿ ಪುಟ್ಟ ಪುಟ್ಟ ಬೀಸಣಿಗೆಗಳಂಥ ಎಲೆಗಳು. ಈಗ ಒಂದು ಗರಿಯನ್ನು ಮೆಲ್ಲಗೆ ಬಾಗಿಸಿ ಲೋಟದ ನೀರಿನಲ್ಲಿ ಮುಳುಗಿಸಿ. ನೀರೊಳಗೆ ಎಲೆ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಎಲೆಗೂ ನೀರಿಗೂ ನಡುವೆ ಗಾಳಿಯ ಪದರ ನಿಂತಿರುತ್ತದೆ, ಅದಕ್ಕೆ ಹಾಗೆ ಕಾಣುವುದು. ಹೊರಗೆ ತೆಗೆದರೆ ಎಲೆ ಒಣಗಿಯೇ ಇರುತ್ತದೆ, ಒಂದು ಹನಿ ಅಂಟುವುದಿಲ್ಲ. ಈ ಕುಲಕ್ಕೆ ಅಡಿಯಾಂಟಮ್ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ 'ನೆನೆಯದ್ದು' ಅಂತ ಅರ್ಥ. ನಮ್ಮ ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದಿಲ್ಲವೇ, ಅದೇ ಥರ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಹೆಚ್ಚಿನವರು ಈ ಗಿಡಕ್ಕೆ ಸ್ಪ್ರೇ ಮಾಡಿ ನೀರು ಹಾಕಿದೆವು ಅಂದುಕೊಳ್ಳುತ್ತಾರೆ. ನಾನೂ ಮೊದಲ ವರ್ಷ ಹಾಗೇ ಮಾಡುತ್ತಿದ್ದೆ. ಇಸ್ತ್ರಿಗೆ ಬೇಕಾದ ಸ್ಪ್ರೇ ಬಾಟಲಿ ದಿನವಿಡೀ ಕೈಯಲ್ಲಿರುತ್ತದೆ. ಹೋಗುತ್ತಾ ಬರುತ್ತಾ ಗಿಡಕ್ಕೂ ನಾಲ್ಕು ಸಲ ಒತ್ತುತ್ತಿದ್ದೆ. ಎಲೆ ಮೇಲೆ ಹನಿ ಮಿನುಗುತ್ತಿತ್ತು, ನೋಡಲು ಚಂದ. ಆದರೆ ಗಿಡ ಬಡಕಲಾಗುತ್ತಲೇ ಹೋಯಿತು. ಒಂದು ದಿನ ಮಣ್ಣಿಗೆ ಬೆರಳು ಹಾಕಿ ನೋಡಿದರೆ ಒಳಗೆ ಹುಡಿ ಹುಡಿ. ಹನಿಗಳೆಲ್ಲ ಉರುಳಿ ಸ್ಟೂಲಿನ ಮೇಲೆ ಬೀಳುತ್ತಿದ್ದವು. ಸ್ಪ್ರೇಯಿಂದ ಸುತ್ತಲಿನ ಗಾಳಿಗೆ ಸ್ವಲ್ಪ ಹೊತ್ತು ತೇವ ಬರುತ್ತದೆ, ಅಷ್ಟೇ. ನೀರು ಹೋಗಬೇಕಾದ್ದು ಬೇರಿಗೆ.

ನೀರು ಹಾಕುವ ಕ್ರಮ ಹೀಗೆ. ಕುಂಡದ ಅಂಚಿನ ಸುತ್ತ ನಿಧಾನವಾಗಿ ಸುರಿಯಿರಿ. ಕಡ್ಡಿಗಳು ಹೊರಡುವ ಬುಡದ ನಡುವಿಗೆ ರಭಸವಾಗಿ ಹೊಯ್ಯಬೇಡಿ, ಅಲ್ಲೇ ಹೊಸ ಚಿಗುರು ಇರುತ್ತದೆ. ಕೆಳಗಿನ ತೂತಿನಿಂದ ನೀರು ಬರುವ ತನಕ ಹಾಕಿ. ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ತೇವ ಬೇಕು ಅಂತ ಕುಂಡವನ್ನು ನೀರಿನಲ್ಲೇ ಕೂರಿಸಿಟ್ಟರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಹಿಂಡಿದ ಸ್ಪಂಜಿನಷ್ಟು ತೇವ ಮಣ್ಣಿನಲ್ಲಿ ಯಾವಾಗಲೂ ಇದ್ದರೆ ಸಾಕು.

ಯಾವಾಗ ಹಾಕಬೇಕು ಅಂತ ತಿಳಿಯಲು ನಾನು ಕುಂಡವನ್ನು ಎತ್ತಿ ನೋಡುತ್ತೇನೆ. ನೀರು ಕುಡಿದ ಕುಂಡಕ್ಕೊಂದು ಭಾರ ಇರುತ್ತದೆ. ಒಂದು ವಾರ ದಿನಾ ಬೆಳಿಗ್ಗೆ ಎತ್ತಿ ನೋಡಿದರೆ ಕೈಗೆ ಅಭ್ಯಾಸ ಆಗುತ್ತದೆ. ಭಾರ ಕಡಿಮೆ ಅನ್ನಿಸಿದ ದಿನವೇ ಹಾಕಿ, ನಾಳೆಗೆ ಬಿಡಬೇಡಿ. ಕುಂಡ ದೊಡ್ಡದಾಗಿದ್ದರೆ ತೋರುಬೆರಳನ್ನು ಅರ್ಧ ಇಂಚು ಒಳಗೆ ಇಳಿಸಿ. ಬೆರಳಿಗೆ ಮಣ್ಣು ಅಂಟಿದರೆ ತೇವ ಇದೆ. ಅಂಟದೆ ಉದುರಿದರೆ ತಡವಾಗುತ್ತಾ ಬಂದಿದೆ ಅಂತ ತಿಳಿಯಿರಿ.

ನಮ್ಮ ಕೊಡಗಿನ ಹವಾಮಾನದಲ್ಲಿ ವರ್ಷವಿಡೀ ಒಂದೇ ಲೆಕ್ಕ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಆಗ ನನ್ನ ಆರು ಇಂಚಿನ ಕುಂಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ಸಾಕಾಗುತ್ತದೆ. ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಕಳೆದು ಚಳಿ ಶುರುವಾದ ಮೇಲೆ ದಿನ ಬಿಟ್ಟು ದಿನ. ಜನವರಿಯ ಒಣಗಾಳಿಯಲ್ಲಿ ಜಾಗ್ರತೆ ಬೇಕು. ಚಳಿ ಇದೆ, ಗಿಡಕ್ಕೇನು ಬಾಯಾರಿಕೆ ಅಂತ ನಮಗೆ ಅನ್ನಿಸುತ್ತದೆ. ಆದರೆ ಕಾಫಿ ಕೊಯ್ಲಿನ ಹೊತ್ತಿಗೆ ಕಣದಲ್ಲಿ ಹಣ್ಣು ಹೇಗೆ ಒಣಗುತ್ತದೆ ನೋಡಿದ್ದೀರಲ್ಲ? ಅದೇ ಗಾಳಿ ನಮ್ಮ ಕಿಟಕಿಯಿಂದ ಒಳಗೂ ಬರುತ್ತದೆ. ಫೆಬ್ರವರಿಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕ ಮತ್ತೆ ಅದಾದ ಮೇಲೂ ಬಿಸಿಲಿದ್ದ ದಿನಗಳಲ್ಲಿ ನಾನು ಪ್ರತಿದಿನ ಬೆಳಿಗ್ಗೆ ನೋಡುತ್ತೇನೆ, ಹೆಚ್ಚಿನ ದಿನ ಹಾಕಬೇಕಾಗುತ್ತದೆ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಕುಂಡವನ್ನು ಬಕೆಟ್ ನೀರಿನಲ್ಲಿ ಅಂಚಿನ ತನಕ ಹತ್ತು ನಿಮಿಷ ಕೂರಿಸುತ್ತೇನೆ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ಪೂರ್ತಿ ಸೋರಲು ಬಿಡುತ್ತೇನೆ. ಮಣ್ಣಿಗೆ ಬೆರೆಸಿರುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಹುಡಿ, ಒಣಗಿದರೆ ಮೇಲಿಂದ ಹಾಕಿದ ನೀರನ್ನು ಹೀರದೆ ಬದಿಯಿಂದ ಇಳಿಸಿಬಿಡುತ್ತದೆ, ಅದಕ್ಕೆ ಈ ಉಪಾಯ.

ಡಿಸೆಂಬರ್ ಬೆಳಿಗ್ಗೆ ಟ್ಯಾಂಕಿನ ನೀರು ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ಅದನ್ನು ನೇರವಾಗಿ ಹಾಕಬೇಡಿ. ರಾತ್ರಿಯೇ ಒಂದು ಜಗ್ಗಿನಲ್ಲಿ ತುಂಬಿಸಿ ಕೋಣೆಯೊಳಗೆ ಇಟ್ಟರೆ ಬೆಳಿಗ್ಗೆಗೆ ಹದವಾಗಿರುತ್ತದೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ಗಿಡಕ್ಕೆ ಏನೂ ಆಗುವುದಿಲ್ಲ ಅಂತ ನಾನೂ ನಂಬಿದ್ದೆ. ನನ್ನ ಗಿಡ ಪೂರ್ತಿ ಹೋಗುವ ಹಂತಕ್ಕೆ ಬಂದದ್ದು ಜುಲೈ ತಿಂಗಳ ನಟ್ಟ ನಡುವೆ. ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ಹೊಲಿಯುವ ಮೊದಲು ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಜುಲೈಯಲ್ಲಿ ಇಲ್ಲಿ ಬಟ್ಟೆ ಒಣಗುವುದಾದರೂ ಎಲ್ಲಿ? ನಮ್ಮ ಕಡೆ ಎಲ್ಲರೂ ಮಾಡುವಂತೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರವಿದೆ. ಆ ವರ್ಷ ಆಗಸ್ಟಿನ ಮದುವೆಯೊಂದರ ಕೆಲಸ ಜಾಸ್ತಿ ಇತ್ತು. ಐದು ದಿನ ಹೊಲಿಗೆ ಕೋಣೆಯಲ್ಲೇ ಕೆಂಡ ಇತ್ತು. ಹೊರಗೆ ಮಳೆ ಬಿಡುವಿಲ್ಲದೆ ಹೊಯ್ಯುತ್ತಿದೆ, ಗಿಡಕ್ಕೆ ನೀರು ಹಾಕಿ ನಾಲ್ಕು ದಿನ ಆಗಿದ್ದರೂ ನನಗೆ ಯೋಚನೆಯೇ ಬರಲಿಲ್ಲ. ಆರನೆಯ ದಿನ ಬೆಳಿಗ್ಗೆ ಕಿಟಕಿ ತೆಗೆದಾಗ ಅಗ್ಗಿಷ್ಟಿಕೆ ಕಡೆಗಿದ್ದ ಅರ್ಧ ಭಾಗ ಚಹಾಪುಡಿ ಬಣ್ಣಕ್ಕೆ ತಿರುಗಿತ್ತು. ಕೈ ತಾಗಿದರೆ ಉದುರಿತು. ಹೊರಗೆ ಗೋಡೆಯಲ್ಲಿ ಪಾಚಿ ಬೆಳೆಯುತ್ತಿರುವಾಗ ಒಳಗೆ ನನ್ನ ಗಿಡ ಒಣಗಿ ಹೋಗಿತ್ತು. ಆ ದಿನ ಬಹಳ ಬೇಜಾರಾಯಿತು.

ಆದ್ದರಿಂದ ಹೊರಗಿನ ಮಳೆ ನೋಡಿ ಒಳಗಿನ ಗಿಡದ ಲೆಕ್ಕ ಹಾಕಬೇಡಿ. ಗಿಡ ಇರುವ ಕೋಣೆಯ ಗಾಳಿ ಹೇಗಿದೆ ಅಂತ ನೋಡಿ. ಕೆಂಡ, ರೂಮ್ ಹೀಟರ್, ಇಸ್ತ್ರಿ ಮೇಜು, ಫ್ರಿಜ್ಜಿನ ಹಿಂಭಾಗ, ಫ್ಯಾನಿನ ನೇರ ಗಾಳಿ, ಬಾಗಿಲು ತೆಗೆದಾಗಲೆಲ್ಲ ಬೀಸುವ ಚಳಿಗಾಳಿ, ಇವೆಲ್ಲವುಗಳಿಂದ ಕನಿಷ್ಠ ನಾಲ್ಕೈದು ಅಡಿ ದೂರ ಇರಲಿ. ಹೊಗೆಯೂ ಆಗುವುದಿಲ್ಲ. ಬಚ್ಚಲುಮನೆಯಲ್ಲಿ ಹಬೆ ಇರುತ್ತದೆ, ಅಲ್ಲಿಟ್ಟರೆ ಒಳ್ಳೆಯದು ಅಂತ ಕೇಳಿರುತ್ತೀರಿ. ಕಿಟಕಿ ಇದ್ದು, ಗೀಸರ್ ಇರುವ ಬಚ್ಚಲಾದರೆ ನಿಜ. ಹಂಡೆಗೆ ಸೌದೆ ಉರಿಸುವ ಬಚ್ಚಲಾದರೆ ಖಂಡಿತ ಬೇಡ.

ಬೆಳಕಿನ ವಿಷಯಕ್ಕೆ ನನ್ನದೊಂದು ಲೆಕ್ಕ ಇದೆ. ಹಗಲಲ್ಲಿ ಲೈಟ್ ಹಾಕದೆ ಸೂಜಿಗೆ ನೂಲು ಪೋಣಿಸಲು ಆಗುವಂಥ ಜಾಗ ಈ ಗಿಡಕ್ಕೆ ಸರಿ. ಕಣ್ಣು ಕಿರಿದು ಮಾಡಬೇಕಾದರೆ ಕತ್ತಲೆ ಜಾಸ್ತಿ. ಬಿಸಿಲು ನೇರವಾಗಿ ಕೈ ಮೇಲೆ ಬೀಳುತ್ತಿದ್ದರೆ ಬೆಳಕು ಜಾಸ್ತಿ. ಕಾಡಿನಲ್ಲಿ ಇದು ಮರದ ನೆರಳಲ್ಲಿ, ಬಂಡೆಯ ಸಂದಿನಲ್ಲಿ, ತೊರೆಯ ದಂಡೆಯಲ್ಲಿ ಬೆಳೆಯುವ ಗಿಡ. ಬಿಸಿಲು ತಾಗಿದರೆ ಎಲೆ ಮೊದಲು ಬಿಳಿಚಿಕೊಂಡು ಆಮೇಲೆ ಸುಡುತ್ತದೆ. ನನ್ನ ಪೂರ್ವದ ಕಿಟಕಿಗೆ ಬಿಳಿ ಮಲ್ ಬಟ್ಟೆಯ ತೆಳು ಪರದೆ ಹೊಲಿದು ಹಾಕಿದ್ದೇನೆ. ಮಾರ್ಚ್‌ನಲ್ಲಿ ಅದನ್ನು ಪೂರ್ತಿ ಎಳೆಯುತ್ತೇನೆ. ಜೂನ್ ಬಂದ ಮೇಲೆ ತೆಗೆದಿಟ್ಟು, ಸ್ಟೂಲನ್ನೇ ಕಿಟಕಿಯ ಹತ್ತಿರಕ್ಕೆ ತರುತ್ತೇನೆ. ಮಂಜು ಮುಸುಕಿದ ದಿನಗಳಲ್ಲಿ ಒಳಗೆ ಬೆಳಕು ತೀರಾ ಕಡಿಮೆ, ಗರಿಗಳು ಉದ್ದಕ್ಕೆ ಸೊರಗಿ ಎಲೆ ವಿರಳವಾಗುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆ ವಾಲುವುದಿಲ್ಲ. ಒಗ್ಗಿದ ಜಾಗ ಸಿಕ್ಕಿದ ಮೇಲೆ ಮಾತ್ರ ಅಲ್ಲಿ ಇಲ್ಲಿ ಒಯ್ಯಬೇಡಿ.

ಚಳಿಯ ಬಗ್ಗೆ ಹೆಚ್ಚು ಹೆದರಬೇಕಾಗಿಲ್ಲ. 15ರಿಂದ 25 ಡಿಗ್ರಿ ಇದಕ್ಕೆ ಹಿತ, ನಮ್ಮ ಮನೆಗಳ ಒಳಗೆ ಸಾಮಾನ್ಯವಾಗಿ ಅಷ್ಟು ಇರುತ್ತದೆ. ಡಿಸೆಂಬರ್, ಜನವರಿ ರಾತ್ರಿ ಕಿಟಕಿಯ ಗಾಜಿಗೆ ಎಲೆ ತಾಗದಂತೆ ಸ್ವಲ್ಪ ಒಳಗೆ ಸರಿಸಿ, ಸಾಕು.

ಗಾಳಿಯ ತೇವಕ್ಕೆ ಒಂದು ಅಗಲದ ತಟ್ಟೆಯಲ್ಲಿ ಹೊಳೆಯ ಸಣ್ಣ ಕಲ್ಲು ತುಂಬಿ, ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿ, ಕಲ್ಲಿನ ಮೇಲೆ ಕುಂಡ ಕೂರಿಸಿ. ಕುಂಡದ ತಳ ನೀರಿಗೆ ತಾಗಬಾರದು. ಇದರಿಂದ ಪವಾಡ ಏನೂ ಆಗುವುದಿಲ್ಲ, ಸ್ವಲ್ಪ ಸಹಾಯ ಅಷ್ಟೇ. ಇದಕ್ಕಿಂತ ಹೆಚ್ಚು ಉಪಯೋಗ ಆದದ್ದು ಗಿಡಗಳನ್ನು ಒತ್ತಾಗಿ ಇಟ್ಟಾಗ. ನನ್ನ ಸ್ಟೂಲಿನ ಎರಡೂ ಬದಿ ಆಂಥೂರಿಯಂ ಕುಂಡಗಳಿವೆ. ಅವುಗಳ ದೊಡ್ಡ ಎಲೆಯಿಂದ ಹೊರಡುವ ತೇವ ನಡುವಿನ ಈ ಸಣ್ಣ ಗಿಡಕ್ಕೆ ಸಿಗುತ್ತದೆ. ನಿಮ್ಮ ಮನೆ ಕುಶಾಲನಗರದ ಕಡೆಗಿದ್ದರೆ, ಅಲ್ಲಿ ಬೇಸಿಗೆ ನಮ್ಮಲ್ಲಿಗಿಂತ ಒಣ, ಅಲ್ಲಿ ಗಾಜಿನ ಜಾಡಿಯಲ್ಲಿ ಬೆಳೆಸುವುದು ಸುಲಭ. ಈ ಉಪಾಯ ಹಳೆಯದು. ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಅಂತ ಒಬ್ಬ ವೈದ್ಯರಿದ್ದರು. ಅವರಿಗೆ ಜರಿಗಿಡಗಳ ಮೇಲೆ ತುಂಬಾ ಆಸೆ, ಆದರೆ ಊರಿನ ಕಲ್ಲಿದ್ದಲ ಹೊಗೆಗೆ ಒಂದೂ ಉಳಿಯುತ್ತಿರಲಿಲ್ಲ. 1829ರ ಸುಮಾರಿಗೆ ಒಂದು ಪತಂಗದ ಗೂಡನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಆ ಮಣ್ಣಿನಲ್ಲಿ ತಾನಾಗಿ ಒಂದು ಜರಿಗಿಡ ಹುಟ್ಟಿ ಚೆನ್ನಾಗಿ ಬೆಳೆಯಿತು. ಅಲ್ಲಿಂದ ಗಾಜಿನ ಪೆಟ್ಟಿಗೆಯಲ್ಲಿ ಗಿಡ ಬೆಳೆಸುವ ರೂಢಿ ಹಬ್ಬಿತು, ಹಡಗುಗಳಲ್ಲಿ ಗಿಡ ಸಾಗಿಸಲೂ ಅದೇ ಪೆಟ್ಟಿಗೆ ಬಳಸಿದರು. ನೀವು ದೊಡ್ಡ ಬಾಯಿಯ ಉಪ್ಪಿನಕಾಯಿ ಜಾಡಿಯನ್ನು ಚೆನ್ನಾಗಿ ತೊಳೆದು ಬಳಸಬಹುದು. ಗಾಜೆಲ್ಲ ಬೆವತು ನೀರಿಳಿಯುತ್ತಿದ್ದರೆ ಮುಚ್ಚಳ ಸ್ವಲ್ಪ ಹೊತ್ತು ತೆಗೆದಿಡಿ. ಬಿಸಿಲಿಗಂತೂ ಇಡಲೇಬೇಡಿ, ಒಳಗೆ ಬೆಂದುಹೋಗುತ್ತದೆ.

ಮಣ್ಣಿನ ವಿಷಯದಲ್ಲಿ ಕೊಡಗಿನವರಿಗೆ ಅನುಕೂಲ ಇದೆ. ಕಾಫಿ ನರ್ಸರಿಗೆ ಚೀಲ ತುಂಬಿಸುವಾಗ ಕಾಡುಮಣ್ಣಿಗೆ ಗೊಬ್ಬರ, ಮರಳು ಬೆರೆಸುವುದು ಎಲ್ಲರಿಗೂ ಗೊತ್ತು. ಅದೇ ದಾರಿ, ಆದರೆ ಇನ್ನೂ ಹಗುರವಾಗಿರಬೇಕು. ತೋಟದಲ್ಲಿ ನೆರಳು ಮರದಡಿ ಕೊಳೆತು ಕಪ್ಪಾದ ಎಲೆಗೊಬ್ಬರ ಎರಡು ಪಾಲು, ತೊಳೆದು ಹಿಂಡಿದ ಕೋಕೋಪೀಟ್ ಒಂದು ಪಾಲು, ದಪ್ಪ ಮರಳು ಅರ್ಧ ಪಾಲು, ಒಂದು ಹಿಡಿ ಇದ್ದಿಲ ಚೂರು. ಕೋಕೋಪೀಟನ್ನು ಎರಡು ನೀರಿನಲ್ಲಿ ತೊಳೆಯಲೇಬೇಕು, ಕೆಲವದರಲ್ಲಿ ಉಪ್ಪಿನ ಅಂಶ ಇರುತ್ತದೆ. ಅಂಗಳದ ಕೆಂಪು ಮಣ್ಣು ಬೇಡ. ಎರಡು ತಿಂಗಳಿಗೆ ಗಟ್ಟಿಯಾಗಿ ಕುಳಿತು ಬೇರನ್ನು ಹಿಸುಕುತ್ತದೆ. ಬೆರೆಸಿದ್ದನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಅದೇ ಹದ.

ಕುಂಡ ದೊಡ್ಡದು ತರಬೇಡಿ. ಬೇರಿನ ಮುದ್ದೆಗಿಂತ ಒಂದು ಇಂಚು ಅಗಲ ಇದ್ದರೆ ಸಾಕು. ಮಣ್ಣಿನ ಕುಂಡ ಚಂದ ಕಾಣುತ್ತದೆ, ಆದರೆ ಬದಿಯಿಂದಲೇ ನೀರು ಹೀರಿ ಬೇಗ ಒಣಗುತ್ತದೆ. ಮರೆಯುವ ಅಭ್ಯಾಸ ಇರುವವರಿಗೆ ಪ್ಲಾಸ್ಟಿಕ್ ಅಥವಾ ಪಿಂಗಾಣಿಯದೇ ವಾಸಿ. ತಳದಲ್ಲಿ ತೂತು ಇರಲೇಬೇಕು.

ಗೊಬ್ಬರ ಬಹಳ ಕಡಿಮೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ, ಅಂಗಡಿಯಲ್ಲಿ ಸಿಗುವ ದ್ರವ ಗೊಬ್ಬರವನ್ನು ಪ್ಯಾಕೆಟ್ಟಿನಲ್ಲಿ ಹೇಳಿದ್ದರ ಕಾಲು ಭಾಗದಷ್ಟು ಮಾತ್ರ ನೀರಿಗೆ ಹಾಕುತ್ತೇನೆ. ಮಣ್ಣು ಒದ್ದೆ ಇರುವಾಗಲೇ ಕೊಡಬೇಕು. ಜಾಸ್ತಿಯಾದರೆ ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಚಳಿಗಾಲದಲ್ಲಿ ಏನೂ ಬೇಡ. ಫಿಲ್ಟರಿನ ಕಾಫಿ ಚರಟ ಹಾಕಬಹುದಾ ಅಂತ ನಮ್ಮ ಊರಿನಲ್ಲಿ ಪ್ರತಿಯೊಬ್ಬರೂ ಕೇಳುತ್ತಾರೆ. ಗುಲಾಬಿ ಬುಡಕ್ಕೆ, ಕಾಂಪೋಸ್ಟ್ ಗುಂಡಿಗೆ ಹಾಕಿ. ಮನೆಯೊಳಗಿನ ಈ ಕುಂಡಕ್ಕೆ ಬೇಡ. ಮೇಲೆ ಹೆಪ್ಪುಗಟ್ಟಿ ಬೂಸ್ಟು ಹಿಡಿಯುತ್ತದೆ, ನೀರು ಇಳಿಯುವುದಿಲ್ಲ.

ನರ್ಸರಿಯಲ್ಲಿ ಸಾಮಾನ್ಯವಾಗಿ ಸಿಗುವುದು ದಕ್ಷಿಣ ಅಮೆರಿಕ ಮೂಲದ ಅಡಿಯಾಂಟಮ್ ರಾಡಿಯಾನಮ್. ಕುಂಡಕ್ಕೆ ಅದೇ ಸರಿ. ಕೊಳ್ಳುವಾಗ ದೊಡ್ಡ ಗಿಡಕ್ಕೆ ಆಸೆಪಡದೆ, ಬುಡದಲ್ಲಿ ಸುರುಳಿ ಸುತ್ತಿದ ಎಳೆ ಚಿಗುರು ನಾಲ್ಕಾದರೂ ಇರುವುದನ್ನು ಆರಿಸಿ. ಆಗುವುದಾದರೆ ಜೂನ್ ಜುಲೈಯಲ್ಲಿ ತನ್ನಿ. ಮಳೆಗಾಲದ ಗಾಳಿಯಲ್ಲಿ ಹೊಸ ಮನೆಗೆ ಬೇಗ ಒಗ್ಗುತ್ತದೆ. ಜನವರಿ ಫೆಬ್ರವರಿಯಲ್ಲಿ ತಂದದ್ದು ಬೇಗ ಸೊರಗುತ್ತದೆ.

ಶಾಂತಳ್ಳಿ ರಸ್ತೆಯಲ್ಲಿ, ಮಲ್ಲಳ್ಳಿ ಜಲಪಾತದ ದಾರಿಯಲ್ಲಿ ಮಳೆಗಾಲಕ್ಕೆ ದರೆಯ ತುಂಬಾ ಇದರ ಕಾಡುಜಾತಿ ತೂಗಾಡುವುದನ್ನು ನೋಡಿರುತ್ತೀರಿ. ಅದರ ಗರಿಯ ತುದಿ ಮಣ್ಣಿಗೆ ತಾಗಿದ ಕಡೆ ಬೇರು ಬಿಟ್ಟು ಹೊಸ ಗಿಡವಾಗುತ್ತದೆ, ಹಾಗೆ ಹೆಜ್ಜೆ ಹೆಜ್ಜೆಯಾಗಿ ದರೆ ಇಳಿಯುತ್ತಾ ಹೋಗುತ್ತದೆ. ನಿಂತು ನೋಡಿ, ಕೀಳಬೇಡಿ. ಪುಷ್ಪಗಿರಿ ವನ್ಯಧಾಮದ ಒಳಗಿಂದ ಗಿಡ ತರುವಂತೆಯೂ ಇಲ್ಲ. ತಂದರೂ ಮಳೆ ನಿಂತ ಮೇಲೆ ಅದರ ಎಲೆ ಒಣಗಿ ಬುಡ ಮಾತ್ರ ಮಲಗುತ್ತದೆ. ಅದು ಅದರ ಸ್ವಭಾವ. ಗಿಡ ಸತ್ತಿತು ಅಂತ ತಿಳಿದು ಎಸೆದುಬಿಡುತ್ತೇವೆ. ನಾವು ಪಲ್ಯ ಮಾಡುವ ತೆರ್ಮೆಯೂ ಜರಿಗಿಡವೇ, ಆದರೆ ಅದು ಬೇರೆ ಜಾತಿ. ಮೇಡನ್‌ಹೇರಿನ ಸುರುಳಿ ಅದೇ ಥರ ಕಾಣುತ್ತದೆ ಅಂತ ಅಡುಗೆಗೆ ಚಿವುಟಬೇಡಿ.

ಇನ್ನು ಹುಳದ ಭಯ. ಎಲೆ ಮಗುಚಿ ನೋಡಿದಾಗ ಅಂಚಿನಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಪಟ್ಟಿಗಳು ಕಾಣುತ್ತವೆ. ಒಬ್ಬ ಹುಡುಗಿ ಅದನ್ನು ರೋಗ ಅಂತ ತಿಳಿದು ಇಡೀ ಗಿಡವನ್ನೇ ಬೋಳಿಸಿ ಬಂದಿದ್ದಳು, ಪಾಪ. ಅದು ರೋಗವಲ್ಲ. ಸೀರೆಯ ಅಂಚನ್ನು ಒಳಗೆ ಮಡಿಸಿ ಫಾಲ್ ಹೊಲಿಯುತ್ತೇವಲ್ಲ, ಹಾಗೆ ಎಲೆ ತನ್ನ ಅಂಚನ್ನು ಒಳಕ್ಕೆ ಮಡಚಿಕೊಂಡು ಆ ಮಡಿಕೆಯೊಳಗೆ ಬೀಜಕಗಳನ್ನು ಇಟ್ಟಿರುತ್ತದೆ. ಜರಿಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಆ ಕಂದು ಹುಡಿಯೇ ಅದರ ಸಂತಾನ. ಪ್ರತಿ ಎಲೆಯ ಅಂಚಿನಲ್ಲೂ ಕ್ರಮವಾಗಿ ಇದ್ದರೆ ಬೀಜಕ. ಎಲ್ಲೆಂದರಲ್ಲಿ ಅಂಟಿಕೊಂಡು, ಉಗುರಿನಿಂದ ಕೆರೆದರೆ ಏಳುವಂತಿದ್ದರೆ ಅದು ಕೀಟ. ಕಾಫಿ ಗಿಡಕ್ಕೆ ಬರುವ ಹಿಟ್ಟುತಿಗಣೆಯಂಥದ್ದು ಕಡ್ಡಿಯ ಕವಲಿನಲ್ಲಿ ಹತ್ತಿಯ ಚೂರಿನಂತೆ ಕೂರುತ್ತದೆ. ಒದ್ದೆ ಹತ್ತಿಯಿಂದ ಒರೆಸಿ ತೆಗೆಯಿರಿ. ಜಾಸ್ತಿ ಇದ್ದರೆ ಆ ಗರಿಯನ್ನೇ ಬುಡದಲ್ಲಿ ಕತ್ತರಿಸಿ. ತೋಟದ ಔಷಧಿ, ಎಲೆಗೆ ಹೊಳಪು ಕೊಡುವ ದ್ರವ, ಎಣ್ಣೆ ಬೆರೆಸಿದ ಸ್ಪ್ರೇ ಇದ್ಯಾವುದನ್ನೂ ಈ ತೆಳು ಎಲೆ ತಡೆದುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಬಸವನಹುಳು ಒಳಗೆ ಬಂದು ಎಳೆ ಸುರುಳಿಗಳನ್ನು ತಿಂದುಬಿಡುತ್ತದೆ. ರಾತ್ರಿ ಟಾರ್ಚ್ ಹಿಡಿದು ಕುಂಡದ ತಳ ನೋಡಿ ತೆಗೆಯುವುದೇ ದಾರಿ.

ಅಲ್ಲೊಂದು ಇಲ್ಲೊಂದು ಹಳೆಯ ಗರಿ ಕಂದಾಗುವುದು ಸಹಜ. ನೂಲು ಕತ್ತರಿಸುವ ಸಣ್ಣ ಕತ್ತರಿಯಿಂದ ಮಣ್ಣಿನ ಹತ್ತಿರ ಕತ್ತರಿಸಿ. ಎಳೆದರೆ ಪಕ್ಕದ ಚಿಗುರೂ ಬರುತ್ತದೆ.

ಈಗ ಪೂರ್ತಿ ಒಣಗಿದ ಗಿಡದ ವಿಷಯ. ದಯವಿಟ್ಟು ಎಸೆಯಬೇಡಿ. ಆ ಜುಲೈಯಲ್ಲಿ ನಾನು ಮಾಡಿದ್ದು ಇದು. ಹಸಿರು ಇದ್ದವನ್ನೂ ಸೇರಿಸಿ ಎಲ್ಲ ಗರಿಗಳನ್ನು ಮಣ್ಣಿನಿಂದ ಒಂದು ಇಂಚು ಬಿಟ್ಟು ಕತ್ತರಿಸಿದೆ. ಹಸಿರು ಗರಿ ಕತ್ತರಿಸುವಾಗ ಕೈ ಬರಲಿಲ್ಲ, ಆದರೆ ಅವೂ ಅಂಚಿನಲ್ಲಿ ಸುರುಟಿದ್ದವು. ನಿಮ್ಮ ಗಿಡದಲ್ಲಿ ಚೆನ್ನಾಗಿರುವ ಗರಿ ಇದ್ದರೆ ಉಳಿಸಿಕೊಳ್ಳಿ. ಆಮೇಲೆ ಕುಂಡವನ್ನು ಬಕೆಟ್ಟಿನಲ್ಲಿ ಅರ್ಧ ಗಂಟೆ ಇಟ್ಟೆ. ಸೋರಿದ ಮೇಲೆ, ರೆಡಿಮೇಡ್ ಬಟ್ಟೆ ಬರುವ ತೆಳು ಪ್ಲಾಸ್ಟಿಕ್ ಕವರಿಗೆ ನಾಲ್ಕೈದು ತೂತು ಮಾಡಿ ಸಡಿಲವಾಗಿ ಹೊದಿಸಿ, ನೆರಳಿನ ಬೆಳಕಿಗೆ ಇಟ್ಟೆ. ಬರೀ ಕಪ್ಪು ಕಡ್ಡಿಯ ಮೋಟು. ನೋಡಿದವರು ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂದರು. ನಾನು ದಿನಾ ಮಣ್ಣು ಮುಟ್ಟಿ ನೋಡುತ್ತಿದ್ದೆ, ಒಣಗಲು ಬಿಡಲಿಲ್ಲ, ಜೌಗಾಗಲೂ ಬಿಡಲಿಲ್ಲ. ಎಲೆ ಇಲ್ಲದ ಗಿಡ ನೀರು ಕುಡಿಯುವುದು ಕಡಿಮೆ, ಅದಕ್ಕೆ ಆಗ ಮೊದಲಿನಷ್ಟು ಹಾಕಬಾರದು. ಇಪ್ಪತ್ತನಾಲ್ಕನೆಯ ದಿನ ಮೋಟುಗಳ ನಡುವೆ ಸಾಸಿವೆ ಗಾತ್ರದ್ದೊಂದು ಸುರುಳಿ ಕಂಡಿತು, ಮೈಮೇಲೆ ಕಂದು ಹೊಟ್ಟು. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಏಳು ಗರಿ ಬಿಚ್ಚಿಕೊಂಡಿದ್ದವು. ಹೊಸ ಎಲೆ ಬಂದ ಮೇಲೆ ಕವರನ್ನು ಒಮ್ಮೆಲೇ ತೆಗೆಯದೆ, ಮೊದಲು ದಿನಕ್ಕೆ ಒಂದು ಗಂಟೆ, ಆಮೇಲೆ ಎರಡು, ಹೀಗೆ ಒಂದು ವಾರ ಒಗ್ಗಿಸಿ. ಒಂದೂವರೆ ಎರಡು ತಿಂಗಳು ಕಾದರೂ ಏನೂ ಬಾರದೆ, ಬುಡ ಮೆತ್ತಗಾಗಿ ವಾಸನೆ ಬಂದರೆ ಮಾತ್ರ ಹೋಯಿತು ಅಂತ ತಿಳಿಯಿರಿ.

ಊರಿಗೆ ಹೋಗುವವರಿಗೆ ಒಂದು ಉಪಾಯ. ಪುತ್ತರಿ ಹಬ್ಬಕ್ಕೆ, ಮದುವೆಗೆ ಅಂತ ನಾಲ್ಕೈದು ದಿನ ಮನೆ ಬಿಡಬೇಕಾಗುತ್ತದೆ. ಹಳೆಯ ಹತ್ತಿ ಪಂಚೆಯಿಂದ ಒಂದು ಇಂಚು ಅಗಲದ ಪಟ್ಟಿ ಹರಿದು, ಬತ್ತಿಯಂತೆ ಹೊಸೆಯಿರಿ. ಶುದ್ಧ ಹತ್ತಿ ನೀರನ್ನು ಚೆನ್ನಾಗಿ ಎಳೆಯುತ್ತದೆ. ಬತ್ತಿಯನ್ನು ಪೂರ್ತಿ ನೆನೆಸಿ, ಒಂದು ತುದಿಯನ್ನು ಕುಂಡದ ಮಣ್ಣಿನೊಳಗೆ ಎರಡು ಇಂಚು ಹೂತು, ಇನ್ನೊಂದನ್ನು ಪಕ್ಕದ ಚೊಂಬಿನ ತಳಕ್ಕೆ ಇಳಿಸಿ. ಚೊಂಬನ್ನು ಕುಂಡಕ್ಕಿಂತ ಸ್ವಲ್ಪ ಎತ್ತರದಲ್ಲಿ, ಒಂದು ಪುಸ್ತಕದ ಮೇಲೋ ಮಣೆಯ ಮೇಲೋ ಇಡಿ. ಹೊರಡುವ ಎರಡು ದಿನ ಮೊದಲೇ ಹಾಕಿ ನೋಡಿ. ಮಣ್ಣು ಕೆಸರಾದರೆ ಬತ್ತಿ ತೆಳು ಮಾಡಿ, ಒಣಗಿದರೆ ಇನ್ನೊಂದು ಬತ್ತಿ ಸೇರಿಸಿ.

ಎರಡು ವರ್ಷಕ್ಕೊಮ್ಮೆ ಬೇರು ತಳದ ತೂತಿನಿಂದ ಹೊರಗೆ ಇಣುಕುತ್ತದೆ. ಆಗ ಬೇರೆ ಮಾಡಿ ನೆಡಬೇಕು. ನಾನು ಇದನ್ನು ಹೂಮಳೆ ಬಂದ ಮೇಲೆ, ಮೇ ತಿಂಗಳ ಕೊನೆಯೊಳಗೆ ಮಾಡುತ್ತೇನೆ, ಮುಂದೆ ಮಳೆಗಾಲ ಇರುವುದರಿಂದ ಗಿಡ ಬೇಗ ಚೇತರಿಸಿಕೊಳ್ಳುತ್ತದೆ. ಹಿಂದಿನ ದಿನ ಚೆನ್ನಾಗಿ ನೀರು ಹಾಕಿ. ಕುಂಡ ಮಗುಚಿ ಬೇರಿನ ಮುದ್ದೆಯನ್ನು ಹೊರತೆಗೆಯಿರಿ. ಮೇಲ್ಮಣ್ಣಿನಲ್ಲಿ ಅಡ್ಡ ಹರಿದ ಗಟ್ಟಿ ಕಾಂಡ ಕಾಣುತ್ತದೆ. ಅದನ್ನು ಹರಿತವಾದ ಚಾಕುವಿನಿಂದ ಎರಡು ಅಥವಾ ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ ಬೇರು, ಗರಿ, ಒಂದೆರಡು ಸುರುಳಿ ಇರಲಿ. ನೆಡುವಾಗ ಆ ಕಾಂಡ ಮಣ್ಣಿನ ಮಟ್ಟದಲ್ಲೇ ಇರಬೇಕು. ಆಳಕ್ಕೆ ಹೂತರೆ ಕೊಳೆಯುತ್ತದೆ.

ಹೀಗೆ ನನ್ನ ಗಿಡದಿಂದ ಹನ್ನೊಂದು ಪಾಲು ಹೊರಗೆ ಹೋಗಿವೆ. ಪಾಲು ತೆಗೆದುಕೊಂಡು ಹೋಗುವವರ ಕೈಗೆ ಕೊಡುವಾಗ ಬೇರಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಪೇಪರ್ ಕೊಳವೆ ಮಾಡಿ ಕೊಡುತ್ತೇನೆ, ಬಸ್ಸಿನ ಕಿಟಕಿ ಗಾಳಿಗೆ ಎಲೆ ಒಣಗಬಾರದು ಅಂತ. ಮನೆ ಮುಟ್ಟಿದ ದಿನವೇ ನೆಟ್ಟು, ಒಂದು ವಾರ ಪ್ಲಾಸ್ಟಿಕ್ ಕವರ್ ಹೊದಿಸಿ ನೆರಳಿನಲ್ಲಿಡಿ. ಮೊದಲ ಹದಿನೈದು ದಿನದಲ್ಲಿ ಕೆಲವು ಗರಿ ಹಳದಿಯಾಗಿ ಬಾಗುತ್ತವೆ. ಗಾಬರಿಯಿಂದ ನೀರು ಜಾಸ್ತಿ ಮಾಡಬೇಡಿ, ಜಾಗ ಬದಲಾಯಿಸಬೇಡಿ, ಗೊಬ್ಬರ ಹಾಕಬೇಡಿ. ಬಾಗಿದ್ದನ್ನು ಕತ್ತರಿಸಿ, ಬುಡದಲ್ಲಿ ಹೊಸ ಸುರುಳಿ ಬರುತ್ತಿದೆಯಾ ಅಂತ ಬೆಳಿಗ್ಗೆ ಒಮ್ಮೆ ನೋಡುತ್ತಿರಿ.